ತಕ್ಕಡಿಗೆ ಸಿಗದ ‘ನಾನು’

ಬೌದ್ಧರ ದೀಘನಿಕಾಯದ ಪಾಯಾಸಿ ಸುತ್ತದಲ್ಲಿ ಕೋಸಲ ದೇಶದ ಒಬ್ಬ ಸಾಮಂತ ಅರಸ ಬರುತ್ತಾನೆ. ಸತ್ತ ಮೇಲೂ ಏನೋ ಉಳಿಯುತ್ತದೆ ಎಂಬುದನ್ನು ಬರೀ ಬಾಯಿಮಾತಿಗೆ ಒಪ್ಪುವವನಲ್ಲ ಈ ಪಾಯಾಸಿ. ಸಿಕ್ಕಿಬಿದ್ದ ಕಳ್ಳನೊಬ್ಬನನ್ನು ಜೀವಂತವಾಗಿ ಹರವಿಯೊಳಗೆ ಕೂಡಿಸಿ, ಬಾಯಿಗೆ ತೊಗಲು ಬಿಗಿಸಿ, ಮೇಲೆ ಹಸಿಮಣ್ಣು ಮೆತ್ತಿಸಿ ಒಲೆಗೇರಿಸುತ್ತಾನೆ. ಅವನು ಸತ್ತನೆಂದು ಖಾತ್ರಿಯಾದ ಮೇಲೆ ಮುಚ್ಚಳ ಮೆಲ್ಲಗೆ ಸರಿಸಿ, ಜೀವ ಹೊರಬಂದೀತೇ ಎಂದು ಕಾಯುತ್ತಾನೆ. ಏನೂ ಕಾಣುವುದಿಲ್ಲ. ಇನ್ನೊಬ್ಬ ಕಳ್ಳನನ್ನು ಸಾಯುವ ಮುಂಚೆ, ಸತ್ತ ಮೇಲೆ ಎರಡು ಸಲ ತೂಗಿಸುತ್ತಾನೆ. ತೂಕ ಇಳಿಯುವುದಿರಲಿ, ಹೆಣವೇ ಹೆಚ್ಚು ಭಾರ ತೂಗುತ್ತದೆ. ಇದಾಗಿ ಎರಡು ಸಾವಿರ ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ, 1907ರಲ್ಲಿ, ಅಮೆರಿಕದ ಡಂಕನ್ ಮ್ಯಾಕ್‌ಡೂಗಲ್ ಎಂಬ ವೈದ್ಯ ಅದೇ ಪ್ರಯೋಗದ ವರದಿ ಪ್ರಕಟಿಸಿದ. ಸಾವಿನ ಅಂಚಿನಲ್ಲಿದ್ದ 6 ರೋಗಿಗಳನ್ನು ಮಂಚಸಮೇತ ತಕ್ಕಡಿಯ ಮೇಲಿಟ್ಟು ತೂಗಿದ್ದ. ಒಬ್ಬನ ತೂಕ ಸುಮಾರು 21 ಗ್ರಾಂ ಇಳಿದಂತೆ ಕಂಡಿತು. ಇಬ್ಬರ ಲೆಕ್ಕವನ್ನು ಅವನೇ ಕೈಬಿಟ್ಟ. ಉಳಿದವರ ಲೆಕ್ಕ ಒಂದಕ್ಕೊಂದು ತಾಳೆಯಾಗಲಿಲ್ಲ. ಆದರೂ ಆತ್ಮದ ತೂಕ 21 ಗ್ರಾಂ ಎಂಬ ಮಾತು ಮಾತ್ರ ಇವತ್ತಿಗೂ ಓಡಾಡುತ್ತಲೇ ಇದೆ.

ಅರಸನ ತಕ್ಕಡಿ ಆತ್ಮವಿಲ್ಲ ಎಂದಿತು, ವೈದ್ಯನ ತಕ್ಕಡಿ ಇದೆ ಎಂದಿತು. ನನಗನ್ನಿಸುವಂತೆ ಎರಡರಿಂದಲೂ ಏನೂ ಸಾಬೀತಾಗುವುದಿಲ್ಲ. ಆತ್ಮವನ್ನು ಒಪ್ಪುವ ದರ್ಶನಕಾರರು ಅದಕ್ಕೆ ತೂಕವಿದೆ ಎಂದು ಯಾವತ್ತೂ ವಾದಿಸಿದವರಲ್ಲ. ತಿಳಿಯಬೇಕಾದದ್ದು ಬೇರೆ: ದೇಹಕ್ಕೆ ಪೆಟ್ಟು ಬಿದ್ದರೆ ‘ನಾನು’ ಎಂಬುದಕ್ಕೆ ಏನಾಗುತ್ತದೆ? 1848ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲುದಾರಿಗಾಗಿ ಬಂಡೆ ಸಿಡಿಸುತ್ತಿದ್ದಾಗ, ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯಿಂದ ಹೊಕ್ಕ ಕಬ್ಬಿಣದ ಹಾರೆ ನೆತ್ತಿ ಸೀಳಿಕೊಂಡು ಹೊರಬಂತು. ಮಿದುಳಿನ ಮುಂಭಾಗಕ್ಕೆ ಗಾಯವಾದರೂ ಆತ ಬದುಕುಳಿದ. ನೆನಪು, ಮಾತು ಎಲ್ಲ ಇದ್ದವು. ಆದರೆ ಜವಾಬ್ದಾರಿಯ, ಸಂಯಮದ ಆ ಹಳೆಯ ಗೇಜ್ ಮಾತ್ರ ಇರಲಿಲ್ಲ ಎಂದು ಚಿಕಿತ್ಸೆ ಮಾಡಿದ ವೈದ್ಯರೂ ಗೆಳೆಯರೂ ಹೇಳಿದರು. ಈ ಕತೆಗೆ ಆಮೇಲೆ ಬಣ್ಣ ಹಚ್ಚಿದವರಿದ್ದಾರೆ, ಅದನ್ನೂ ಹೇಳಬೇಕು. ಆತ ಮುಂದೆ ಚಿಲಿ ದೇಶದಲ್ಲಿ ವರ್ಷಗಟ್ಟಲೆ ಕುದುರೆಬಂಡಿ ಹೊಡೆದುಕೊಂಡು ದುಡಿದ. ಆದರೆ ಮರೆವಿನ ರೋಗ ಹಿಡಿದ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೆ ಗೇಜ್‌ನ ಸಾಕ್ಷಿಯೇ ಬೇಕಿಲ್ಲ. ಮೊದಲು ಹೆಸರುಗಳು ಹೋಗುತ್ತವೆ, ಆಮೇಲೆ ಮಕ್ಕಳ ಗುರುತು, ಕೆಲವರಲ್ಲಿ ಜೀವಮಾನದ ಸ್ವಭಾವವೇ ಮಗುಚಿಬೀಳುತ್ತದೆ.

‘ನಾನು’ ದೇಹದ್ದೇ ಎಂಬ ಈ ವಾದಕ್ಕೆ ಬಲವಾದ ಆಕ್ಷೇಪವನ್ನು ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲೇ ಎತ್ತಿದ್ದಾರೆ. ದೀಪವಿದ್ದರೆ ವಸ್ತು ಕಾಣುತ್ತದೆ, ಆರಿದರೆ ಕಾಣುವುದಿಲ್ಲ. ಹಾಗೆಂದು ಕಾಣುವಿಕೆಯೇ ದೀಪದ ಗುಣವಾಗುತ್ತದೆಯೇ? ದೇಹವಿದ್ದಾಗ ಅರಿವಿರುತ್ತದೆ ಎಂದ ಮಾತ್ರಕ್ಕೆ ಅರಿವು ದೇಹದ ಗುಣವಾಗಬೇಕಿಲ್ಲ. ಈ ಕಾಲದಲ್ಲಿ ಇದನ್ನೇ ನೀವು ಈಗ ಕೇಳುತ್ತಿರುವ ರೇಡಿಯೋವನ್ನು ಮುಂದಿಟ್ಟು ಹೇಳುವುದುಂಟು: ಪೆಟ್ಟಿಗೆ ಕೆಟ್ಟರೆ ದನಿ ಕೆಡುತ್ತದೆ, ಆದರೆ ಮಾತಾಡುವವನು ಪೆಟ್ಟಿಗೆಯಲ್ಲಿಲ್ಲ. ಸರಿಯೇ. ಆದರೆ ಪೆಟ್ಟಿಗೆ ಕೆಟ್ಟಾಗ ಬರುವುದು ಗರಗರ ಸದ್ದು. ಭಾಷಣಕಾರನ ಅಭಿಪ್ರಾಯ ಬದಲಾಗುವುದಿಲ್ಲ, ಅವನು ತಾಳ್ಮೆ ಕಳೆದುಕೊಳ್ಳುವುದಿಲ್ಲ, ಹೆಂಡತಿಯ ಹೆಸರು ಮರೆಯುವುದಿಲ್ಲ. ಮಿದುಳು ಕೆಟ್ಟಾಗ ಬದಲಾಗುವುದು ಇವೇ.

ಅದ್ವೈತಿಗಳೂ ಸಾಂಖ್ಯರೂ ಇಲ್ಲಿ ಸುಲಭಕ್ಕೆ ಸೋಲುವವರಲ್ಲ. ಮನಸ್ಸು, ಬುದ್ಧಿ, ಅಹಂಕಾರ ಇವೆಲ್ಲ ಜಡದ ಪಾಲಿಗೇ ಸೇರಿದವು, ಆತ್ಮ ಕೇವಲ ಸಾಕ್ಷಿ ಎಂದು ಅವರು ಎಂದೋ ಹೇಳಿಬಿಟ್ಟಿದ್ದಾರೆ. ಪಶ್ಚಿಮದಲ್ಲಿ ತತ್ವಜ್ಞಾನಿ ದೆಕಾರ್ತ್ ಯೋಚನೆಯನ್ನೇ ಆತ್ಮದ ಲಕ್ಷಣವೆಂದು ಹಿಡಿದು ತೊಡಕಿಗೆ ಬಿದ್ದ. ನಮ್ಮವರು ಆ ತಪ್ಪು ಮಾಡಲಿಲ್ಲ. ಗೇಜ್‌ನ ಗಾಯ ಅವರ ಸಾಕ್ಷಿಯನ್ನು ಮುಟ್ಟುವುದೂ ಇಲ್ಲ. ಆದರೆ ಇದಕ್ಕೆ ಅವರು ತೆತ್ತ ಬೆಲೆ ದೊಡ್ಡದು. ನೆನಪು, ಸ್ವಭಾವ, ಪ್ರೀತಿ, ಹಟ ಎಲ್ಲವನ್ನೂ ಕಳಚಿಟ್ಟ ಮೇಲೆ ಉಳಿಯುವ ಸಾಕ್ಷಿ ನನ್ನದೂ ಅಲ್ಲ, ನಿಮ್ಮದೂ ಅಲ್ಲ. ತೀರಿಕೊಂಡ ಅಪ್ಪ ಎಲ್ಲೋ ಇದ್ದಾರೆ ಎಂದು ಮಗಳು ನೆನೆಯುವಾಗ ಅವಳು ನೆನೆಯುವುದು ಹೆಸರಿಲ್ಲದ ಸಾಕ್ಷಿಯನ್ನಲ್ಲ. ಗದರುತ್ತಿದ್ದ, ಕಾಫಿಗೆ ಸಕ್ಕರೆ ಸಾಲದೆನ್ನುತ್ತಿದ್ದ ಮನುಷ್ಯನನ್ನು. ಆ ಮನುಷ್ಯ ಜನ್ಮದಿಂದ ಜನ್ಮಕ್ಕೆ ದಾಟಬೇಕಾದರೆ ಸಂಸ್ಕಾರಗಳನ್ನು ಹೊರುವ ಸೂಕ್ಷ್ಮಶರೀರ ಬೇಕಾಗುತ್ತದೆ. ಮಿದುಳಿನ ಸಾಕ್ಷ್ಯ ಪೆಟ್ಟು ಕೊಡುವುದು ಆ ಜಾಗಕ್ಕೇ.

ಹಾಗಾದರೆ ನಾವು ಬರೀ ಮಾಂಸವೋ? ಹೆಣದಲ್ಲೂ ದೇಹವಿದೆ, ಅರಿವೆಲ್ಲಿದೆ ಎಂಬುದು ಶಂಕರರದೇ ಇನ್ನೊಂದು ಪ್ರಶ್ನೆ. ಹೆಣದಲ್ಲಿ ದ್ರವ್ಯವಿದೆ, ವ್ಯಾಪಾರವಿಲ್ಲ. ದೇಹದ ತೂಕದಲ್ಲಿ ನೂರಕ್ಕೆ 2ರಷ್ಟಿರುವ ಮಿದುಳು ದೇಹದ ಶಕ್ತಿಯಲ್ಲಿ ನೂರಕ್ಕೆ 20ರಷ್ಟನ್ನು ಬಳಸುತ್ತದೆ. ಆಮ್ಲಜನಕ ನಿಂತ ಕೆಲವೇ ನಿಮಿಷಗಳಲ್ಲಿ ಕೆಡತೊಡಗುತ್ತದೆ. ‘ನಾನು’ ಎಂಬುದು ಒಂದು ವಸ್ತುವಲ್ಲ, ಎಡೆಬಿಡದೆ ನಡೆಯುತ್ತಿರುವ ಕೆಲಸ ಎಂಬುದು ನನ್ನ ವಾದ. ಪಾಯಾಸಿಯ ಹರವಿಯಿಂದ ಏನೂ ಹೊರಬರದೆ ಹೋದದ್ದೂ ಅದಕ್ಕೇ. ಕೆಲಸ ನಿಲ್ಲುತ್ತದೆ, ಎದ್ದುಹೋಗುವುದಿಲ್ಲ. ಈ ಕೆಲಸಕ್ಕೆ ಅನುಭವದ ರುಚಿ ಎಲ್ಲಿಂದ ಬಂತು, ನೋವು ನೋವೆಂದೇ ಯಾಕೆ ಅನ್ನಿಸಬೇಕು ಎಂಬುದಕ್ಕೆ ವಿಜ್ಞಾನದಲ್ಲಿ ಇನ್ನೂ ಒಪ್ಪಿತವಾದ ಉತ್ತರವಿಲ್ಲ. ಆ ಕೊರತೆ ನಿಜವಾದದ್ದೇ. ಆದರೆ ಎದುರು ಪಕ್ಷದ ಸಾಲವೂ ತೀರಿಲ್ಲ. ದೇಹವಿಲ್ಲದ ಆತ್ಮ ದೇಹವನ್ನು ಅಲುಗಿಸುವುದಾದರೂ ಹೇಗೆ ಎಂದು ಬೊಹೀಮಿಯಾದ ರಾಜಕುಮಾರಿ ಎಲಿಸಬೆತ್ 1643ರಲ್ಲಿ ದೆಕಾರ್ತ್‌ಗೆ ಪತ್ರ ಬರೆದು ಕೇಳಿದಳು. ಅವನ ಉತ್ತರಗಳು ಅವಳಿಗೆ ಸಮಾಧಾನ ತರಲಿಲ್ಲ, ನನಗೂ ತಂದಿಲ್ಲ.

ನಡವಳಿಕೆಯಲ್ಲಿ ನಾವು ಆಗಲೇ ಒಂದು ತೀರ್ಮಾನಕ್ಕೆ ಬಂದಿರುವಂತಿದೆ. ನಮ್ಮ ದೇಶದ 1994ರ ಅಂಗಾಂಗ ಕಸಿ ಕಾಯ್ದೆ ಮಿದುಳುಕಾಂಡ ಸತ್ತವರನ್ನು ಸತ್ತವರೆಂದೇ ಪರಿಗಣಿಸುತ್ತದೆ. ವೈದ್ಯರ ಮಂಡಳಿ ಕನಿಷ್ಠ 6 ಗಂಟೆಗಳ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ಹೇಳಬೇಕು. ಆಗಲೂ ಎದೆ ಬಡಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಆತ್ಮದಲ್ಲಿ ಗಟ್ಟಿ ನಂಬಿಕೆಯಿರುವ ಮನೆಯವರೂ ಅಂಥ ಹೊತ್ತಿನಲ್ಲಿ ಕಣ್ಣೊರೆಸಿಕೊಂಡು ಸಹಿ ಹಾಕುತ್ತಾರೆ. ಹೃದಯ ಒಬ್ಬರಿಗೆ, ಯಕೃತ್ತು ಇನ್ನೊಬ್ಬರಿಗೆ ಹೋಗುತ್ತದೆ. ಹೃದಯ ಪಡೆದವರು ಅರಿವಳಿಕೆಯಿಂದ ಎಚ್ಚೆತ್ತಾಗ ತಮ್ಮ ಹೆಸರನ್ನೇ ಹೇಳುತ್ತಾರೆ, ತಮ್ಮ ಮಕ್ಕಳನ್ನೇ ಕೇಳುತ್ತಾರೆ.