ಆಟದ ಕಟ್ಟಳೆಯೂ ತರುಣರ ಶಿಕ್ಷಣವೂ

(ಶ್ರೀಮಠದ ಸುವರ್ಣ ಮಹೋತ್ಸವದ ಅಂಗವಾಗಿ ಕೂಡಿದ ಶಿಕ್ಷಣ ಗೋಷ್ಠಿಯಲ್ಲಿ ಮಾಡಿದ ಭಾಷಣ)

 

ಶ್ರೀಗಳವರು ನನಗೆ ಅಪ್ಪಣೆ ಮಾಡಿದ ವಿಷಯವು ಆಟ. ಮಹೋತ್ಸವದಂಥ ಸಭೆಯಲ್ಲಿ ಆಟದ ಮಾತೇಕೆಂದು ಹಿರಿಯರಲ್ಲಿ ಕೆಲವರು ಆಲೋಚಿಸುತ್ತಿರಬಹುದು. ಅವರ ಶಂಕೆಯು ನಿರಾಧಾರವಾದುದಲ್ಲ. ಆಟದಿಂದ ಕೆಟ್ಟ ಮನೆತನಗಳನ್ನು ನಾವೆಲ್ಲರೂ ಕಂಡಿದ್ದೇವೆ. ಆದರೆ ಶಾಲೆಯ ಹೊರಗೆ, ಸಂಜೆಯ ಹೊತ್ತಿನಲ್ಲಿಯೂ ರಜೆಯ ದಿನಗಳಲ್ಲಿಯೂ ತರುಣರನ್ನು ಕೂಡಿಸಿ ಸಂಸ್ಕಾರ ಕೊಡಬೇಕೆಂದು ಹೊರಟವರಿಗೆ ಒಂದು ತೊಡಕುಂಟು. ಶಾಲೆಯಲ್ಲಿ ಹಾಜರಿಯಿದೆ, ಪರೀಕ್ಷೆಯಿದೆ. ನಮ್ಮ ಶಿಬಿರದಲ್ಲಿ ಅವೆರಡೂ ಇಲ್ಲ. ಬೇಸರಗೊಂಡ ಹುಡುಗನು ಎದ್ದು ಹೋಗುವನು. ಏಳಲು ಸಂಕೋಚಪಟ್ಟವನು ಕುಳಿತಲ್ಲಿಯೇ ಕೈಯೊಳಗಿನ ಫೋನಿನಲ್ಲಿ ಮುಳುಗುವನು. ಆದಕಾರಣ ಆಟದ ಮೂಲಕ ಕಲಿಸೋಣವೆಂಬ ಮಾತು ಈಗ ಎಲ್ಲೆಡೆಯಲ್ಲಿಯೂ ಕೇಳಿಬರುತ್ತಿರುವದು. ನಾನು ಅದನ್ನು ಅರ್ಧ ಮಾತ್ರ ಒಪ್ಪುವೆನು. ಆಟವು ಕಲಿಸುವದು ನಿಜ. ಆದರೆ ನಾವು ಅದರ ಮೇಲೆ ಬರೆದುದನ್ನು ಅದು ಕಲಿಸುವದೆಂಬುದು ನಿಜವಲ್ಲ. ಅದು ಕಲಿಸುವದು ತನ್ನ ಕಟ್ಟಳೆಯನ್ನು.

ಇದಕ್ಕೆ ನಮ್ಮ ಮನೆಯೊಳಗಿನ ದೃಷ್ಟಾಂತವನ್ನೇ ತೆಗೆದುಕೊಳ್ಳೋಣ. ಹಾವು ಏಣಿಯ ಆಟವನ್ನು ಆಡದವರಾರು? ಅದರ ಮೂಲವು ನಮ್ಮ ದೇಶದ ಜ್ಞಾನ ಚೌಪಡ. ದಕ್ಷಿಣದಲ್ಲಿ ಪರಮಪದ ಸೋಪಾನ ಪಟವೆಂದು ಹೆಸರು. ಆ ಪಟದ ಮನೆಮನೆಗೂ ಒಂದೊಂದು ಗುಣದ ಹೆಸರು: ಇಲ್ಲಿ ದಯೆ, ಅಲ್ಲಿ ಲೋಭ, ಇನ್ನೊಂದೆಡೆ ಅಹಂಕಾರ. ಸದ್ಗುಣದ ಬುಡದಲ್ಲಿ ಏಣಿ, ದುರ್ಗುಣದ ಮನೆಯಲ್ಲಿ ಹಾವಿನ ಬಾಯಿ, ತುದಿಯಲ್ಲಿ ಮುಕ್ತಿ. ರಚಿಸಿದವರ ಉದ್ದೇಶವು ಉದಾತ್ತವಾದುದೇ. 19ನೆಯ ಶತಮಾನದ ಕೊನೆಗೆ ಇಂಗ್ಲಂಡಿನವರು ಅದನ್ನು ಕೊಂಡೊಯ್ದು ತಮ್ಮ ನೀತಿಗೆ ಹೊಂದಿಸಿ ಮಾರಿದರು; ಕಾಲಕ್ರಮದಲ್ಲಿ ಗುಣಗಳ ಹೆಸರುಗಳು ಅಳಿದವು, ಹಾವು ಏಣಿಗಳು ಉಳಿದವು. ಹೆಸರು ಅಳಿದರೂ ಆಟಕ್ಕೇನೂ ಕುಂದಾಗಲಿಲ್ಲವಷ್ಟೆ? ಅದೇಕೆಂದು ಯೋಚಿಸಬೇಕು. ಆ ಪಟದಲ್ಲಿ ದಯೆಯ ಏಣಿಯನ್ನು ಏರುವವನು ದಯೆ ತೋರಿದವನಲ್ಲ. ಅವನಿಗೆ ದಾಳವು ಬೇಕಾದಂತೆ ಬಿದ್ದಿತು, ಅಷ್ಟೇ. ಲೋಭದ ಹಾವು ನುಂಗಿದವನು ಲೋಭಿಯೂ ಅಲ್ಲ. ಆಡುವವನು ಒಂದು ಸಲವೂ ಆರಿಸಿಕೊಳ್ಳುವದಿಲ್ಲ. ಹೀಗೆ ಪಟದ ಮೇಲೆ ನೀತಿಯನ್ನು ಬರೆದಿದ್ದರೂ ಕಟ್ಟಳೆಯು ಕಲಿಸಿದ್ದು ಹಣೆಬರಹವನ್ನು. ಕಾಯಕವನ್ನು ನಂಬಿದ ನಮ್ಮಂಥವರಿಗೆ ಇದು ಸಣ್ಣ ಮಾತಲ್ಲ.

ಇದಕ್ಕೆ ವ್ಯತಿರಿಕ್ತವಾಗಿ ಹುಲಿ ಕುರಿಯ ಆಟವನ್ನು ನೋಡಿರಿ. ಹಳೆಯ ದೇವಾಲಯಗಳ ಹಾಸುಗಲ್ಲುಗಳ ಮೇಲೆ ಇಂಥ ಆಟದ ಮನೆಗಳನ್ನು ಕೊರೆದಿರುವದನ್ನು ಹಂಪೆಗೆ ಹೋದವರು ಕಂಡಿರಬಹುದು. ಒಂದು ಪದ್ಧತಿಯಲ್ಲಿ 3 ಹುಲಿಗಳು, 15 ಕುರಿಗಳು. ಆ ಕಲ್ಲಿನ ಮೇಲೆ ಒಂದಕ್ಷರವೂ ಇರುವದಿಲ್ಲ. ಆದರೂ ಅದನ್ನಾಡಿದ ದನಗಾಹಿ ಬಾಲಕನಿಗೆ ಒಂದು ಸಂಗತಿಯು ಕೈಬೆರಳಿನ ಮೂಲಕವೇ ತಿಳಿಯುವದು: ಬೆನ್ನ ಹಿಂದಿನ ಮನೆ ಬರಿದಾಗಿರುವ ಕುರಿಯನ್ನು ಹುಲಿಯು ಹಾರಿ ತಿನ್ನುವದು, ಕುರಿಗಳು ಒಂದರ ಹಿಂದೊಂದು ಒತ್ತಾಗಿ ನಿಂತರೆ ಹುಲಿಗೆ ಹೆಜ್ಜೆಯಿಡಲು ತಾವಿಲ್ಲ. ಒಗ್ಗಟ್ಟಿನ ಮೇಲೆ ಮಾಡಿದ ಎಷ್ಟು ಭಾಷಣಗಳು ಇದಕ್ಕೆ ಸಮನಾದಾವು? ನನ್ನದನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಆಟ ಕಟ್ಟುವದು ಪಂಡಿತರಿಗೆ ತಕ್ಕ ಕೆಲಸವಲ್ಲವೆಂದು ತಿಳಿಯಲಾಗದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಹೊಸ ಹೊಸ ಆಟಗಳ ಪಟಗಳನ್ನು ರಚಿಸಿದರು. ಚದುರಂಗದ ಕುದುರೆಯು 64 ಮನೆಗಳನ್ನೂ ಒಂದೊಂದೇ ಸಲ ಮೆಟ್ಟಿ ಬರುವ ಕ್ರಮಗಳನ್ನು ಬಿಡಿಸಿದರು. ಶ್ರೀತತ್ತ್ವನಿಧಿಯೆಂಬ ತಮ್ಮ ಮಹಾಗ್ರಂಥದಲ್ಲಿ ಕೌತುಕನಿಧಿಯೆಂಬ ಭಾಗವನ್ನು ಆಟಗಳಿಗಾಗಿಯೇ ಮೀಸಲಿಟ್ಟರು. 1831ರಲ್ಲಿ ರಾಜ್ಯದ ಆಡಳಿತವು ಇಂಗ್ಲಿಷರ ಕೈಸೇರಿದ ಮೇಲೆಯೂ ಅವರ ಈ ವ್ಯಾಸಂಗವು ನಿಲ್ಲಲಿಲ್ಲ.

ಇನ್ನು ಕಟ್ಟಳೆಯನ್ನು ಅಲಕ್ಷಿಸಿದರೆ ಏನಾಗುವದೆಂಬುದಕ್ಕೆ ಅಮೇರಿಕೆಯ ಒಂದು ಕಥೆಯು ಕೇಳತಕ್ಕದ್ದಾಗಿದೆ. ಎಲಿಜಬೆತ್ ಮ್ಯಾಗಿ ಎಂಬ ಮಹಿಳೆಯು ಹೆನ್ರಿ ಜಾರ್ಜರ ಅರ್ಥಶಾಸ್ತ್ರದ ಅನುಯಾಯಿ. ಭೂಮಿಯು ಕೆಲವರದೇ ಸೊತ್ತಾಗಿ ಉಳಿದವರು ಬಾಡಿಗೆ ತೆತ್ತು ಬಡವರಾಗುವ ಅನ್ಯಾಯವನ್ನು ಜನರಿಗೆ ಕಾಣಿಸಬೇಕೆಂದು ಆಕೆಯು ‘ಜಮೀನುದಾರರ ಆಟ’ವೊಂದನ್ನು ರಚಿಸಿ 1904ರಲ್ಲಿ ಪೇಟೆಂಟ್ ಪಡೆದಳು. ಅದಕ್ಕೆ ಎರಡು ಬಗೆಯ ಕಟ್ಟಳೆಗಳಿದ್ದವು. ಒಂದರಲ್ಲಿ ಸಂಪತ್ತು ಹುಟ್ಟಿದಂತೆ ಎಲ್ಲರಿಗೂ ಪಾಲು. ಇನ್ನೊಂದರಲ್ಲಿ ಒಬ್ಬನು ಉಳಿದವರೆಲ್ಲರನ್ನೂ ದಿವಾಳಿಯೆಬ್ಬಿಸಿ ಗೆಲ್ಲುವದು. ಎರಡನ್ನೂ ಆಡಿ ಹೋಲಿಸಿದರೆ ಜನರಿಗೆ ಸತ್ಯವು ಗೋಚರಿಸುವದೆಂದು ಆಕೆಯ ಆಶಯ. ಆದದ್ದೇನು? ಆಟವು ಕೈಯಿಂದ ಕೈಗೆ ಸಾಗಿ, 1935ರಲ್ಲಿ ಒಂದು ಕಂಪನಿಯು ಅದನ್ನು ‘ಮೊನಾಪಲಿ’ ಎಂಬ ಹೆಸರಿನಿಂದ ಹೊರತಂದಾಗ ಎರಡನೆಯ ಬಗೆಯದು ಮಾತ್ರ ಉಳಿದಿತ್ತು. ಲೋಭವನ್ನು ಖಂಡಿಸಲು ಹುಟ್ಟಿದ ಪಟವು ಲೋಕದ ಮಕ್ಕಳಿಗೆ ನೆರೆಯವನನ್ನು ಬರಿಗೈ ಮಾಡುವ ಸುಖವನ್ನು ಕಲಿಸುತ್ತ ಬಂದಿರುವದು. ಆಕೆಯ ಸದುದ್ದೇಶವು ಪಟದೊಳಗಿರಲಿಲ್ಲ, ಕಟ್ಟಳೆಯಲ್ಲಿತ್ತು. ಕಟ್ಟಳೆ ಹೋದೊಡನೆ ಅದೂ ಹೋಯಿತು.

ನೆರೆಯ ಆಂಧ್ರ ಪ್ರದೇಶದಿಂದ ಬಂದ ಇನ್ನೊಂದು ವರದಿಯು ನಮಗೆ ಹೆಚ್ಚು ಪ್ರಯೋಜನಕರವಾದುದು. ಅಲ್ಲಿ ಕೊಳವೆಬಾವಿಗಳಿಂದ ಅಂತರ್ಜಲವು ಬತ್ತುತ್ತಿರುವ ಹಳ್ಳಿಗಳಲ್ಲಿ ಒಂದು ಸೇವಾ ಸಂಸ್ಥೆಯವರೂ ಸಂಶೋಧಕರೂ ಕೂಡಿ ರೈತರಿಂದ ಒಂದು ಆಟವನ್ನು ಆಡಿಸಿದರು. ಆಡುವವರೆಲ್ಲರಿಗೂ ನೆಲದೊಳಗಿನ ನೀರು ಒಂದೇ. ಪ್ರತಿ ಸುತ್ತಿನಲ್ಲಿಯೂ ಒಬ್ಬೊಬ್ಬನು ಗುಟ್ಟಾಗಿ ಒಂದು ಬೆಳೆಯನ್ನು ಆರಿಸಬೇಕು: ಕಡಿಮೆ ನೀರು ಕುಡಿದು ಕಡಿಮೆ ಲಾಭ ತರುವದು, ಇಲ್ಲವೆ ಹೆಚ್ಚು ನೀರು ಕುಡಿದು ಹೆಚ್ಚು ಲಾಭ ತರುವದು. ಎಲ್ಲರೂ ಲಾಭಕ್ಕೆ ಕೈಯಿಕ್ಕಿದರೆ ನೀರು ತಳ ಕಾಣುವದು. ಮೊದಲು ಮಾತಿಲ್ಲದೆ, ಬಳಿಕ ಪರಸ್ಪರ ಮಾತಾಡಲು ಬಿಟ್ಟು ಆಡಿಸಿದರು. ಕೊನೆಗೆ ಊರಿನವರೆಲ್ಲರನ್ನೂ ಕೂಡಿಸಿ ಚರ್ಚೆ ನಡೆಸಿದರು. 2018ರಲ್ಲಿ ಪ್ರಕಟವಾದ ಅದರ ಫಲಿತಾಂಶದಲ್ಲಿ ವಿಚಿತ್ರವೊಂದುಂಟು. ಮೊದಲ ವರ್ಷ ಮಾತಾಡಲು ಬಿಟ್ಟರೂ ಆಟದೊಳಗೆ ಸಹಕಾರವು ಹೆಚ್ಚಲಿಲ್ಲ. ಆದರೆ ಆಟ ಮುಗಿದ ಮೇಲೆ, ಅದೇ ಯೋಜನೆಯ ಇತರ ಊರುಗಳಿಗಿಂತ ಆಟವಾಡಿದ ಊರುಗಳೇ ನೀರಿನ ಲೆಕ್ಕದ ಪುಸ್ತಕವನ್ನಿಡುವದಕ್ಕೂ ನೀರಿಗೆ ಕಟ್ಟುಪಾಡು ಮಾಡಿಕೊಳ್ಳುವದಕ್ಕೂ ಹೆಚ್ಚಾಗಿ ಮುಂದಾದವು. ಮೊದಲು ಆಟದಲ್ಲಿ ಸೋತರೂ ಊರಿನಲ್ಲಿ ಗೆದ್ದರೆಂದು ಹೇಳಬಹುದೇನೋ.

ಈಗ ನಮ್ಮ ಶಿಬಿರಗಳ ಕಡೆಗೆ ಬರೋಣ. ಅಲ್ಲಿ ನಾವು ಮುಖ್ಯವಾಗಿ ನಡೆಸುವದು ವಚನ ಕಂಠಪಾಠದ ಸ್ಪರ್ಧೆ ಮತ್ತು ರಸಪ್ರಶ್ನೆ. ಬಾಯಿಪಾಠವು ಬೇಡವೆಂದು ನಾನು ಹೇಳಲಾರೆ. ಎಳವೆಯಲ್ಲಿ ನಾಲಿಗೆಗೆ ಬಂದ ವಚನವು ಇಳಿವಯಸ್ಸಿನಲ್ಲಿ ಊರುಗೋಲಾಗುವದು. ಆದರೆ ಸ್ಪರ್ಧೆಯೂ ಒಂದು ಆಟವೇ, ಅದಕ್ಕೂ ಕಟ್ಟಳೆಯುಂಟು. ದಾಸೋಹದ ವಚನವನ್ನು ಎಲ್ಲರಿಗಿಂತ ಬೇಗ ಹೇಳಿ ಬೆಳ್ಳಿಯ ಲೋಟವನ್ನು ತಾನೊಬ್ಬನೇ ಮನೆಗೆ ಒಯ್ಯುವ ಹುಡುಗನು ಆ ದಿನ ಕಲಿತದ್ದೇನು? ಸೋತ ಮೂವತ್ತು ಮಕ್ಕಳು ಕಲಿತದ್ದೇನು? ವಚನವು ಒಂದನ್ನು ಹೇಳಿತು, ಕಟ್ಟಳೆಯು ಬೇರೊಂದನ್ನು ಹೇಳಿತು.

ಆಯ್ದಕ್ಕಿ ಮಾರಯ್ಯನ ಕಥೆಯು ತಮಗೆಲ್ಲ ತಿಳಿದೇ ಇದೆ. ನಿತ್ಯದ ಅಳತೆಗಿಂತ ಹೆಚ್ಚು ಅಕ್ಕಿಯನ್ನು ಪತಿಯು ಆಯ್ದು ತಂದಾಗ ಅದನ್ನು ಹಿಂದಕ್ಕೆ ಸುರಿದು ಬರಹೇಳಿದವಳು ಲಕ್ಕಮ್ಮ. ಈ ಕಥೆಯನ್ನು ಕಟ್ಟಳೆಯನ್ನಾಗಿ ಮಾಡಲು ಬರುವದೋ ಎಂದು ಯೋಚಿಸಿ ಒಂದು ಆಟವನ್ನು ಹೊಂದಿಸಿದ್ದೇನೆ. ಖರ್ಚಿಲ್ಲದ್ದು. ಒಂದು ಗಡಿಗೆಯಲ್ಲಿ 50 ಹುಣಸೆಬೀಜ, ಸುತ್ತಲೂ ಐವರು. ಪ್ರತಿ ಸರದಿಯಲ್ಲಿಯೂ ಒಬ್ಬೊಬ್ಬರು ಮುಷ್ಟಿಯೊಳಗೆ ಒಂದರಿಂದ ಮೂರರವರೆಗೆ ಬೀಜಗಳನ್ನು ಗುಟ್ಟಾಗಿ ತೆಗೆಯಬಹುದು. ಹೊಟ್ಟೆಗೆ ಒಂದು ಸಾಕು. ಎಲ್ಲರೂ ತೆಗೆದ ಮೇಲೆ ಗಡಿಗೆಯಲ್ಲಿ ಉಳಿದ ಪ್ರತಿ ಹತ್ತಕ್ಕೆ ಎರಡರಂತೆ ಬೀಜ ಸೇರಿಸಬೇಕು, ಅದು ಬೆಳೆ. ಹತ್ತು ಸರದಿಗಳಾದ ಮೇಲೆ ಜಂಗಮ ದಾಸೋಹ; ಆಗ ಗಡಿಗೆಯಲ್ಲಿ 20 ಬೀಜಗಳಿರತಕ್ಕದ್ದು. ಇದ್ದರೆ ಹೆಚ್ಚು ಬೀಜವುಳ್ಳವನು ಗೆದ್ದನು. ಇಲ್ಲದಿದ್ದರೆ ಐವರೂ ಸೋತರು. ಒಂದೊಂದೇ ತೆಗೆದರೆ ಗಡಿಗೆಯು ತುಂಬುತ್ತಲೇ ಹೋಗುವದು. ಎಲ್ಲರೂ ಎರಡೆರಡು ತೆಗೆದರೆ ಎಂಟನೆಯ ಸರದಿಯ ಕೊನೆಗೆ ಆರೇ ಬೀಜ ಉಳಿದು, ಒಂಬತ್ತನೆಯ ಸರದಿಗೆ ಸಾಲದೆ ಹೋಗುವದು. ಎರಡು ಬೀಜವೆಂದರೆ ಯಾರಿಗೂ ದುರಾಸೆಯಾಗಿ ತೋರುವದಿಲ್ಲ. ಆಟದ ಮರ್ಮವು ಅಲ್ಲಿಯೇ ಇದೆ.

ಗೆಲ್ಲುವವನು ಒಬ್ಬನೇ ಏಕೆಂದು ತಾವು ಕೇಳಬಹುದು. ಆ ಕಟ್ಟಳೆಯನ್ನು ನಾನು ಬೇಕೆಂದೇ ಇಟ್ಟಿದ್ದೇನೆ. ಎರಡು ಮೂರು ಸಲ ಆಡಿ ಗಡಿಗೆ ಬರಿದಾದ ಮೇಲೆ ಆಡಿಸುವ ಅಣ್ಣನು ಉಪದೇಶಕ್ಕೆ ಹೊರಡದೆ, ಕಟ್ಟಳೆಯಲ್ಲಿ ಏನನ್ನು ಬದಲಿಸೋಣವೆಂದು ಮಕ್ಕಳನ್ನೇ ಕೇಳಬೇಕು. ಮುಷ್ಟಿ ತೆರೆದು ತೋರಿಸಬೇಕೆಂದು ಒಬ್ಬನು ಅಂದಾನು. ಹೆಚ್ಚು ತೆಗೆದವನಿಗೆ ದಂಡವೆಂದು ಮತ್ತೊಬ್ಬನು. ಗೆದ್ದವನೆಂಬುದೇ ಬೇಡವೆಂದು ಮೂರನೆಯವಳು. ಒಂದೊಂದನ್ನೂ ಆಡಿ ನೋಡಲಿ. ದಂಡದ ಭಯದಿಂದ ಗಡಿಗೆ ತುಂಬಿತೋ, ನಾಚಿಕೆಯಿಂದ ತುಂಬಿತೋ, ಮನಸ್ಸಿನಿಂದ ತುಂಬಿತೋ ಎಂದು ಅವರೊಳಗೇ ವಾದವೇಳುವದು. ಅನುಭವ ಮಂಟಪದ ಹೆಸರನ್ನು ನಾವು ಎಷ್ಟೋ ಕಟ್ಟಡಗಳಿಗೆ ಇಟ್ಟಿದ್ದೇವೆ. ಆ ಹೆಸರಿಗೆ ತಕ್ಕ ಸಂಭಾಷಣೆಯು ಇಂಥ ಒಂದು ಗಡಿಗೆಯ ಸುತ್ತಲೂ ನಡೆಯಬಲ್ಲದೆಂದು ನಾನು ನಂಬಿದ್ದೇನೆ.

ಅವಸರ ಮಾತ್ರ ಕೂಡದು. ಆಟಕ್ಕೆ ಅರ್ಧ ಗಂಟೆಯಾದರೆ ಮಾತಿಗೆ ಒಂದು ಗಂಟೆ ಬೇಕು. ನಮ್ಮಲ್ಲಿ ಸಾಮಾನ್ಯವಾಗಿ ಪ್ರಸಾದದ ಗಂಟೆಯಾಯಿತೆಂದು ಈ ಮಾತಿನ ಭಾಗವನ್ನೇ ಕತ್ತರಿಸುವರು. ಆಮೇಲೆ ಉಳಿಯುವದು ಗದ್ದಲವೊಂದೇ. ಆಡಿಸುವವನಿಗೆ ಸುಮ್ಮನೆ ಕುಳಿತು ಕೇಳುವ ಅಭ್ಯಾಸವಿರಬೇಕು. ಇದು ಉಪನ್ಯಾಸಕರಿಗೆ ಬಲು ಕಷ್ಟ. ಆದಕಾರಣ ಪ್ರಸಾದ ನಿಲಯದ ಹಿರಿಯ ವಿದ್ಯಾರ್ಥಿಗಳನ್ನೇ, ಹುಡುಗಿಯರನ್ನೂ ಸೇರಿಸಿ, ಈ ಕೆಲಸಕ್ಕೆ ತರಬೇತು ಮಾಡುವದು ಲೇಸು.

ಬರುವ ಬೇಸಿಗೆಯ ಶಿಬಿರದಲ್ಲಿ ದಿನಕ್ಕೊಂದು ಸಂಜೆಯ ಹೊತ್ತನ್ನು ಇದಕ್ಕೆ ಬಿಟ್ಟುಕೊಡಬೇಕೆಂದೂ, ಬಹುಮಾನಕ್ಕಾಗಿ ತೆಗೆದಿರಿಸಿದ ಹಣದಿಂದ ಎಲ್ಲ ಮಕ್ಕಳಿಗೂ ಒಂದೊಂದು ಪುಸ್ತಕ ದೊರೆಯುವಂತೆ ಮಾಡಬೇಕೆಂದೂ ಶ್ರೀಗಳವರ ಸನ್ನಿಧಾನದಲ್ಲಿ ಬಿನ್ನವಿಸಿಕೊಳ್ಳುತ್ತೇನೆ. ಗಡಿಗೆಯನ್ನೂ ಬೀಜಗಳನ್ನೂ ಇಂದು ಜೊತೆಯಲ್ಲಿಯೇ ತಂದಿದ್ದೇನೆ. ಗೋಷ್ಠಿ ಮುಗಿದ ಮೇಲೆ ಹಿರಿಯರಲ್ಲಿ ಐವರು ಮುಂದೆ ಬಂದರೆ ಇಲ್ಲಿಯೇ ಆಡಿ ನೋಡಬಹುದು.