ಅಕ್ಷರ ಒಲಿಯದ ಮಕ್ಕಳು

(ಮಠದ ಮಹೋತ್ಸವ ಸಭೆಯಲ್ಲಿ ನಡೆದ ಉಪನ್ಯಾಸ)

 

ಗದಗಿನ ವೀರೇಶ್ವರ ಪುಣ್ಯಾಶ್ರಮದ ಹೆಸರನ್ನು ಕೇಳದವರು ಈ ಸಭೆಯಲ್ಲಿ ಇರಲಾರರು. ಅಂಧರಾದ ಪಂಚಾಕ್ಷರ ಗವಾಯಿಗಳು (1892–1944) ಹಾನಗಲ್ಲ ಕುಮಾರ ಶಿವಯೋಗಿಗಳ ಕೃಪಾಶ್ರಯದಲ್ಲಿ ಸಂಗೀತವನ್ನು ಕಲಿತು, ತಮ್ಮಂತೆಯೇ ಕಣ್ಣಿಲ್ಲದ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಇತ್ತರು. ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳು 2010ರಲ್ಲಿ ಲಿಂಗೈಕ್ಯರಾಗುವ ವರೆಗೆ ಅದೇ ಕಾಯಕವನ್ನು ನಡೆಯಿಸಿದರು. ಕಣ್ಣಿನ ದಾರಿ ಮುಚ್ಚಿದವರಿಗೆ ಕಿವಿಯ ದಾರಿಯಿಂದ ವಿದ್ಯೆಯನ್ನು ಕೊಡಬಹುದೆಂಬುದನ್ನು ನಾಡು ಅಲ್ಲಿ ಕಂಡಿತು. ಇಂದಿನ ವಿಷಯವೋ ಇನ್ನೂ ಸೂಕ್ಷ್ಮವಾದುದು. ಕಣ್ಣು ಚೆನ್ನಾಗಿದೆ, ಕಿವಿ ಚೆನ್ನಾಗಿದೆ, ಬುದ್ಧಿಯೂ ಚುರುಕಾಗಿದೆ. ಆದರೂ ಅಕ್ಷರ ಒಲಿಯದು. ಕುರುಡನನ್ನು ಕಂಡು ಸೋಮಾರಿ ಎನ್ನುವವರಿಲ್ಲ. ಈ ಮಗುವನ್ನು ಮಾತ್ರ ಎಲ್ಲರೂ ಹಾಗೆಯೇ ಕರೆಯುವರು.

ಕುದುರೆಮುಖದ ತಪ್ಪಲಿನಲ್ಲಿ, ಕಳಸ ಮೂಡಿಗೆರೆಗಳ ಕಾಫಿತೋಟಗಳ ನಡುವೆ, ಇಂತಹ ಮಗು ಯಾವ ಶಾಲೆಯಲ್ಲಿಯೂ ಇರಬಹುದು. ಹಳ್ಳವು ಏರಿದ ದಿನ ಎಲ್ಲಿ ದಾಟಬೇಕೆಂಬುದನ್ನು ಅದು ಬಲ್ಲದು. ಅಜ್ಜಿ ಹೇಳಿದ ಕಥೆಯನ್ನು ಒಂದು ಮಾತೂ ಬಿಡದೆ ಒಪ್ಪಿಸಬಲ್ಲದು. ನಾಲ್ಕನೆಯ ತರಗತಿಗೆ ಬಂದಿದ್ದರೂ ಪುಸ್ತಕವನ್ನು ತೆರೆದೊಡನೆ ಅದರ ನಾಲಗೆ ಕಟ್ಟುವುದು. "ಮರ" ಎಂಬುದನ್ನು ಓದುವುದು, "ಮಕ್ಕಳು" ಎಂಬಲ್ಲಿ ನಿಲ್ಲುವುದು. ಓದುವ ಸರದಿಯು ಹತ್ತಿರವಾದಂತೆ ಹೊಟ್ಟೆನೋವು ಬರುವುದು. ತಾಯಿ ದೃಷ್ಟಿ ತೆಗೆಯುವಳು, ತಂದೆ ಬೆತ್ತ ತೆಗೆಯುವನು. ಕೆಲವು ವರ್ಷಗಳಲ್ಲಿ ಶಾಲೆಯ ಹಾಜರಿಯಿಂದ ಅದರ ಹೆಸರು ಹೋಗಿ ತೋಟದ ಹಾಜರಿಯಲ್ಲಿ ಸೇರುವುದು.

ವೈದ್ಯರು ಇದನ್ನು ಡಿಸ್ಲೆಕ್ಸಿಯ ಎನ್ನುವರು. ಬರೆಹದಲ್ಲಿ ಮಾತ್ರ, ಲೆಕ್ಕದಲ್ಲಿ ಮಾತ್ರ ತೊಡಕುವವರೂ ಉಂಟು. 1896ರಲ್ಲಿ ಇಂಗ್ಲೆಂಡಿನ ಪ್ರಿಂಗಲ್ ಮಾರ್ಗನ್ ಎಂಬ ವೈದ್ಯನು ಹದಿನಾಲ್ಕು ವರ್ಷದ ಒಬ್ಬ ಬಾಲಕನ ವೃತ್ತಾಂತವನ್ನು ಪ್ರಕಟಿಸಿದನು. ಆ ಹುಡುಗನು ಆಟದಲ್ಲಿ ಮುಂದು, ಮಾತಿನಲ್ಲಿ ಜಾಣ. ಓದಲು ಮಾತ್ರ ಬಾರದು. ಪಾಠವೆಲ್ಲ ಬಾಯಿಮಾತಿನಲ್ಲಿಯೇ ನಡೆದಿದ್ದರೆ ಶಾಲೆಯಲ್ಲಿ ಇವನಿಗೆ ಸಮಾನರಿರುತ್ತಿರಲಿಲ್ಲವೆಂದು ಅವನ ಉಪಾಧ್ಯಾಯನೇ ಅಭಿಪ್ರಾಯಪಟ್ಟಿದ್ದನಂತೆ. ಇದು ಮಿದುಳು ಧ್ವನಿಯನ್ನೂ ಚಿಹ್ನೆಯನ್ನೂ ಬೆಸೆಯುವ ರೀತಿಯಲ್ಲಿನ ಭೇದ. ವಂಶದಲ್ಲಿ ಹರಿದು ಬರುವುದೂ ಉಂಟು. ತಾಯಿಯ ತಪ್ಪಲ್ಲ, ಬುದ್ಧಿಯ ಕೊರತೆಯೂ ಅಲ್ಲ.

ಕನ್ನಡವು ಬರೆದಂತೆ ಓದುವ ಭಾಷೆಯಾದುದರಿಂದ ಇಲ್ಲಿ ಈ ತೊಡಕೇ ಇರದೆಂದು ವಾದಿಸುವವರುಂಟು. ಅದು ಅರೆ ಸತ್ಯ. ಇಂಗ್ಲಿಷಿನವರಿಗೆ 26 ಅಕ್ಷರಗಳು. ಕನ್ನಡದ ಬಾಲಕನಿಗೆ ಕಾಗುಣಿತ ಒತ್ತಕ್ಷರಗಳು ಸೇರಿ ನೂರಾರು ರೂಪಗಳು. ದಕಾರವನ್ನು ಕೆಳಗೆ ಸೀಳಿದರೆ ಧಕಾರ, ಹೊಟ್ಟೆಯಲ್ಲಿ ಚುಕ್ಕೆಯೂ ಇದ್ದರೆ ಥಕಾರ. "ಧರ್ಮ" ಎಂಬಲ್ಲಿ ಮೊದಲು ನುಡಿಯುವ ರೇಫೆಯು ಅರ್ಕಾವೊತ್ತಾಗಿ ಮಕಾರದ ಹಿಂದೆ ಕೂಡುವುದು. "ಅಕ್ಕಿ" ಎಂಬಲ್ಲಿ ಕೊನೆಗೆ ಕೇಳುವ ಇಕಾರವು ಮೇಲಿನ ಕಕಾರದ ತಲೆಯ ಮೇಲಿರುವುದು, ನಡುವೆ ನುಡಿಯುವ ಒತ್ತು ಕೆಳಗಿರುವುದು. ಪಂಡಿತರಿಗೆ ಇದು ಅಭ್ಯಾಸಬಲದಿಂದ ಕಾಣದು. ಧ್ವನಿಯ ಕ್ರಮವನ್ನು ಹಿಡಿಯಲು ಸೆಣಸುವ ಮಗುವಿಗೆ ಇದು ಬೆಟ್ಟ. ಕನ್ನಡ ಶಾಲೆಗಳ ಮಕ್ಕಳನ್ನು ಪರೀಕ್ಷಿಸಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಅಕ್ಷರಗಳೆಲ್ಲ ಕೈವಶವಾಗಲು ಸಾಮಾನ್ಯ ಮಕ್ಕಳಿಗೂ ನಾಲ್ಕನೆಯ ತರಗತಿಯ ವರೆಗೆ ಕಾಲ ಹಿಡಿಯುವುದು. ಆದುದರಿಂದ ಎರಡನೆಯ ತರಗತಿಯಲ್ಲಿ ಒತ್ತಕ್ಷರ ಬಾರದ ಮಾತ್ರಕ್ಕೆ ಗಾಬರಿಗೊಳ್ಳಬೇಕಾಗಿಲ್ಲ. ಹಾಗೆಂದು ಐದನೆಯ ತರಗತಿಯಲ್ಲಿಯೂ ಅಕ್ಷರ ಅಕ್ಷರವಾಗಿ ತೆವಳುವವನನ್ನು "ದೊಡ್ಡವನಾದಂತೆ ಸರಿಹೋಗುವನು" ಎಂದು ಬಿಡುವುದೂ ತರವಲ್ಲ.

ಇನ್ನೊಂದು ಎಚ್ಚರಿಕೆ. ಈ ಬೆಟ್ಟಗಳ ಲೈನುಮನೆಗಳಲ್ಲಿ ತುಳು, ಕೊಂಕಣಿ, ತಮಿಳುಗಳು ಮನೆಮಾತಾಗಿರುವ ಮಕ್ಕಳು ಅನೇಕರು. ಅವರಿಗೆ ಪುಸ್ತಕದ ಕನ್ನಡವೇ ಹೊಸದು. ಮಳೆಗಾಲದಲ್ಲಿ ಶಾಲೆ ತಪ್ಪುವ ದಿನಗಳೂ ಕಡಿಮೆಯಲ್ಲ. ಮೊದಲು ಕಣ್ಣು ಕಿವಿಗಳನ್ನು ತೋರಿಸತಕ್ಕದ್ದು. ಹಸಿವು, ಗೈರುಹಾಜರಿ, ಭಾಷೆಯ ಅಪರಿಚಯ ಇವನ್ನು ವಿಚಾರಿಸತಕ್ಕದ್ದು. ಇವಾವುವೂ ಕಾರಣವಲ್ಲವೆಂದಾದರೆ ಬಲ್ಲವರ ಬಳಿಗೆ ಕರೆದೊಯ್ಯಬೇಕು. ಮೈಸೂರಿನಲ್ಲಿ 1965ರಲ್ಲಿ ಸ್ಥಾಪಿತವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿಯೂ ಬೆಂಗಳೂರಿನ ನಿಮ್ಹಾನ್ಸಿನಲ್ಲಿಯೂ ಈ ಪರೀಕ್ಷೆ ನಡೆಯುವುದು.

ಕಲಿಸುವ ರೀತಿಯಲ್ಲಿ ಹಿಂದಿನ ಕೂಲಿಮಠಗಳ ಒಂದು ಪದ್ಧತಿಯನ್ನು ಮರಳಿ ನೆನೆಯಬಹುದು. ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತಿದ್ದುತ್ತ, ಬಾಯಿಂದ ಅದರ ಧ್ವನಿಯನ್ನು ನುಡಿಯುತ್ತಿದ್ದರು. ಕಣ್ಣು, ಕಿವಿ, ನಾಲಗೆ, ಕೈ ನಾಲ್ಕೂ ಏಕಕಾಲದಲ್ಲಿ ದುಡಿಯುತ್ತಿದ್ದವು. ಅಮೆರಿಕದಲ್ಲಿ ಸ್ಯಾಮ್ಯುಯೆಲ್ ಆರ್ಟನ್ ಎಂಬ ವೈದ್ಯನೂ ಆನಾ ಗಿಲ್ಲಿಂಗ್‌ಹ್ಯಾಮ್ ಎಂಬ ಶಿಕ್ಷಕಿಯೂ ಕಳೆದ ಶತಮಾನದಲ್ಲಿ ಇಂತಹ ಮಕ್ಕಳಿಗಾಗಿಯೇ ಬೆಳೆಸಿದ ಪದ್ಧತಿಯೂ ಇದೇ ತತ್ತ್ವದ ಮೇಲೆ ನಿಂತಿದೆ. ಆದರೆ ಹಳೆಯದೆಲ್ಲವೂ ಹಿತವಲ್ಲ. ಕೂಲಿಮಠದ ಬೆತ್ತ ಬೇಡ, ಬರಿಯ ಬಾಯಿಪಾಠವೂ ಸಾಲದು. ಜಾಣ ಮಗುವು ಪಾಠವನ್ನೆಲ್ಲ ಕಿವಿಯಿಂದ ಕಲಿತು, ಬೆರಳನ್ನು ಬೇರೆ ಸಾಲಿನ ಮೇಲಿಟ್ಟು ಸರಾಗವಾಗಿ ಒಪ್ಪಿಸುವುದು. ದೊಡ್ಡ ದೊಡ್ಡ ಪಂಡಿತರೂ ಇದರಲ್ಲಿ ಮೋಸಹೋಗಿರುವರು! ಒಂದು ದಿನಕ್ಕೆ ಒಂದೇ ಒತ್ತು, ಅದೇ ಒತ್ತಿನ ನಾಲ್ಕೈದು ಪರಿಚಿತ ಮಾತುಗಳು, ನಗುವವರಿಲ್ಲದ ಒಂದು ಮೂಲೆ: ಇಷ್ಟನ್ನು ಮಠದ ಯಾವ ಉಚಿತ ವಿದ್ಯಾರ್ಥಿನಿಲಯದಲ್ಲಿಯೂ ಒದಗಿಸಬಹುದು.

ಕಾನೂನೂ ಈಗ ಮಗುವಿನ ಕಡೆಗಿದೆ. 1995ರ ಅಂಗವಿಕಲರ ಕಾಯಿದೆಯು ಈ ತೊಡಕನ್ನು ಎಣಿಸಿರಲಿಲ್ಲ. 2016ರ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯೆಂದು ಎಣಿಸಿತು. ಅದರ 16ನೆಯ ಪ್ರಕರಣದಂತೆ, ಇದನ್ನು ಆದಷ್ಟು ಬೇಗ ಗುರುತಿಸಿ ತಕ್ಕ ಬೋಧನಕ್ರಮವನ್ನು ಕೈಕೊಳ್ಳುವುದು ವಿದ್ಯಾಸಂಸ್ಥೆಗಳ ಕರ್ತವ್ಯ. ಪ್ರಮಾಣಪತ್ರವಿದ್ದವರಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಕಾಲವೂ ಲಿಪಿಕಾರನ ಸಹಾಯವೂ ದೊರೆಯುವುವು. ಆದರೆ ಹತ್ತನೆಯ ತರಗತಿಯ ಪರೀಕ್ಷೆಯು ಬಾಗಿಲಿಗೆ ಬಂದಾಗ ಪ್ರಮಾಣಪತ್ರಕ್ಕೆ ಓಡಿದರೆ ಫಲವೇನು?

ಇಲ್ಲಿ ನೆರೆದಿರುವ ತೋಟದ ಯಜಮಾನರಿಗೆ ಒಂದು ವಿಜ್ಞಾಪನೆ. ಕಳಸದಿಂದ ಮೈಸೂರಿಗೆ ಹೋಗಿ ಬರುವುದೆಂದರೆ ಕೂಲಿಯವನಿಗೆ ಎರಡು ಮೂರು ದಿನಗಳ ಸಂಬಳದ ನಷ್ಟ, ಬಸ್ಸಿನ ಖರ್ಚು ಬೇರೆ. ಕಾಫಿಯ ಕೊಯ್ಲಿನಲ್ಲಿ ಅವನು ಕೇಳಲೂ ಆರನು, ಯಜಮಾನರು ಬಿಡಲೂ ಆರರು. ಮಳೆ ಹಿಂದೆಗೆದು ಕೊಯ್ಲು ಮೊದಲಾಗುವುದಕ್ಕೆ ಮುಂಚೆ, ಆಶ್ವಯುಜ ಕಾರ್ತಿಕಗಳಲ್ಲಿ, ಕೆಲವು ದಿನಗಳ ಬಿಡುವು ಇರುವುದು. ಆ ದಿನಗಳಲ್ಲಿ ಸಂಬಳವನ್ನು ಹಿಡಿಯದೆ, ಸಾಧ್ಯವಾದರೆ ತೋಟದ ಜೀಪಿನಲ್ಲಿಯೇ, ತಂದೆಯನ್ನೂ ಮಗುವನ್ನೂ ಕಳುಹಿಸಿಕೊಡತಕ್ಕದ್ದು.