ಅಗ್ಗದ ದೆವ್ವದ ಮರ್ಯಾದೆ

ರಬ್ಬರ್ ಮುಖವಾಡ, ಹಸಿರು ದೀಪ, ಹೊಗೆ ಇಷ್ಟನ್ನೇ ನಂಬಿದ ಹಾರರ್ ಸಿನಿಮಾಕ್ಕೆ ಜನ ನಕ್ಕರೆ ಅದು ಸಿನಿಮಾ ಸೋತಂತೆ ಎಂಬುದು ರೂಢಿಯ ತೀರ್ಪು. ‘ವೀರಾನಾ’ದಂಥ (1988) ರಾಮ್ಸೆ ಸಹೋದರರ ಹಿಂದಿ ಚಿತ್ರಗಳನ್ನು ಇಂದೂ ಹುಡುಕಿ ನೋಡುವವರಿದ್ದಾರೆ, ಅವರಿಗೆ ಬೇಕಾದದ್ದು ಭಯವೊಂದೇ ಅಲ್ಲ. ಗಂಭೀರವಾಗಿ ಹೊರಟು ಗುರಿ ತಪ್ಪಿದ ಅತಿರೇಕದಲ್ಲಿ ಸಿಗುವ ಸುಖವನ್ನು ಲೇಖಕಿ ಸೂಸನ್ ಸೊಂಟಾಗ್ 1964ರ ಪ್ರಬಂಧದಲ್ಲಿ ‘ಕ್ಯಾಂಪ್’ ಎಂಬ ಹೆಸರಿನಡಿ ಚರ್ಚಿಸಿದರು. ಕನ್ನಡದ ಅಗ್ಗದ ದೆವ್ವಕ್ಕೆ ಆ ವಿವರಣೆ ಅರ್ಧ ಮಾತ್ರ ಹೊಂದುತ್ತದೆ. ನಾವು ದೆವ್ವವನ್ನು ಪೂರ್ತಿ ನಂಬುವವರೂ ಅಲ್ಲ, ಪೂರ್ತಿ ಬಿಡುವವರೂ ಅಲ್ಲ. ನಮ್ಮ ನಗು ಹುಟ್ಟುವುದು ಈ ಇಬ್ಬಂದಿಯಲ್ಲಿ.

ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಾಫ್ಟ್‌ವೇರ್ ಕಂಪನಿಗಳು ಬೇರೂರುತ್ತಿದ್ದ 1990ರ ದಶಕದಲ್ಲೇ ದೆವ್ವವೊಂದು ಮನೆಬಾಗಿಲಿಗೆ ಬರುತ್ತದೆಂಬ ವದಂತಿ ಹಬ್ಬಿ, ಅದನ್ನು ಹಿಂದಕ್ಕೆ ಕಳಿಸಲು ಬೆಂಗಳೂರಿನ ಮನೆಬಾಗಿಲುಗಳ ಮೇಲೆ ‘ನಾಳೆ ಬಾ’ ಎಂಬ ಬರಹ ಕಾಣಿಸಿಕೊಂಡಿತು. ಓದಲು ಬರುವ, ಓದಿದ್ದನ್ನು ಪಾಲಿಸುವ, ಮರುದಿನ ಮತ್ತೆ ಮೋಸಹೋಗುವ ದೆವ್ವ ಅದು! ಬರೆದವರಿಗೂ ಇದರ ತಮಾಷೆ ಗೊತ್ತಿತ್ತು, ಆದರೂ ಬರೆದರು. 2018ರ ಹಿಂದಿ ಚಿತ್ರ ‘ಸ್ತ್ರೀ’ ಹೊಮ್ಮಿದ್ದು ಈ ವದಂತಿಯಿಂದಲೇ. ಕನ್ನಡದಲ್ಲಿ ಉಪೇಂದ್ರ ನಿರ್ದೇಶಿಸಿದ ‘ಶ್’ (1993), ಸಿನಿಮಾ ಚಿತ್ರೀಕರಣದ ತಂಡವನ್ನೇ ದೆವ್ವದ ಬಾಯಿಗೆ ಕೊಟ್ಟು, ಭಯ ತಯಾರಾಗುವ ಕಾರ್ಖಾನೆಯೊಳಕ್ಕೆ ನೋಡುಗನನ್ನು ಕರೆದೊಯ್ಯಿತು. ಜೆ.ಪಿ. ತುಮಿನಾಡು ನಿರ್ದೇಶಿಸಿದ ‘ಸು ಫ್ರಮ್ ಸೋ’ (2025) ಇನ್ನೂ ಮುಂದೆ ಹೋಯಿತು. ದೊಡ್ಡ ತಾರೆಯಿಲ್ಲದ, ಸಣ್ಣ ಬಂಡವಾಳದ ಆ ಚಿತ್ರದಲ್ಲಿ ಅಶೋಕನೆಂಬ ಯುವಕ ಸೋಮೇಶ್ವರದ ಸುಲೋಚನ ಎಂಬವಳ ದೆವ್ವ ಮೈಮೇಲೆ ಬಂದಂತೆ ನಟಿಸುತ್ತಾನೆ, ಊರು ನಂಬುತ್ತದೆ. ಕಳಪೆ ನಟನೆ ಇಲ್ಲಿ ಚಿತ್ರದ ದೋಷವಲ್ಲ, ಕಥೆಯ ವಸ್ತು. ಸುಳ್ಳು ನಮಗೆ ಮೊದಲೇ ತಿಳಿದಿರುವುದರಿಂದ ನಾವೂ ಅದರ ಪಾಲುದಾರರಾಗುತ್ತೇವೆ.

ಇಂಥ ಚಿತ್ರಗಳು ಮೂಢನಂಬಿಕೆಗೆ ನೀರೆರೆಯುತ್ತವೆ ಎಂಬ ಆಕ್ಷೇಪವಿದೆ. ಆದರೆ ಹೇಗೆ ಹುಟ್ಟಿತೆಂದು ಕಣ್ಣೆದುರೇ ತೋರಿಸಿದ ದೆವ್ವಕ್ಕೆ ಹೆದರುವುದು ಕಷ್ಟ. ವೈಟ್‌ಫೀಲ್ಡ್‌ನ ಮಲ್ಟಿಪ್ಲೆಕ್ಸಿನಲ್ಲಿ ಕೂತು ಹಳ್ಳಿಯವರ ನಂಬಿಕೆಗೆ ನಗುವುದು ಅಹಂಕಾರವಲ್ಲವೇ ಎಂಬ ಇನ್ನೊಂದು ಪ್ರಶ್ನೆ ಹೆಚ್ಚು ಗಟ್ಟಿ. ಕೆಲವು ಚಿತ್ರಗಳ ಮಟ್ಟಿಗೆ ಅದು ನಿಜವೂ ಹೌದು. ಒಳ್ಳೆಯವು ಆ ಅಹಂಕಾರಕ್ಕೆ ಅವಕಾಶ ಕೊಡುವುದಿಲ್ಲ: ‘ಸು ಫ್ರಮ್ ಸೋ’ದಲ್ಲಿ ದೆವ್ವ ಹುಸಿ, ಆದರೆ ಆ ಹೆಸರಿನ ಹಿಂದೆ ಬಯಲಾಗುವ ಹೆಣ್ಣಿನ ಸಂಕಟ ಹುಸಿಯಲ್ಲ. ದುಬಾರಿ ಗ್ರಾಫಿಕ್ಸ್ ನಮ್ಮನ್ನು ದೆವ್ವದತ್ತ ನೋಡಿಸುತ್ತದೆ. ಅಗ್ಗದ ದೆವ್ವ ಅದನ್ನು ಕಟ್ಟಿ ನಿಲ್ಲಿಸಿದ ಮನುಷ್ಯರತ್ತ ನೋಡಿಸುತ್ತದೆ. ಅದಕ್ಕೆ ಸಲ್ಲಬೇಕಾದ ಮರ್ಯಾದೆ ಆ ಕಾರಣಕ್ಕೆ, ಕನಿಕರಕ್ಕಲ್ಲ.